ಗಾರ್ಡಿ ಹೇಳದ ಮಾತು

ಗಾರ್ಡಿ ವೀಲನ್ ಬಾಯಿಂದ ಒಂದು ಮಾತು ಹೊರಟರೆ ಮೂರು ಸೆಕೆಂಡಿನೊಳಗೆ ಅದು ನನ್ನ ಬೆರಳಿನಿಂದ ಇಳಿದು ಟಿವಿ ಪರದೆಯ ಕೆಳಗೆ ಅಕ್ಷರವಾಗಬೇಕು. ಹತ್ತೊಂಬತ್ತು ವರ್ಷ ನಾನು ಮಾಡಿದ್ದು ಇಷ್ಟೇ ಕೆಲಸ. ಫೆರಿಮೆನ್ ತಂಡದ ಬೇಸ್‌ಬಾಲ್ ಪಂದ್ಯವಿದ್ದ ದಿನ, ಅಂದರೆ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನವೂ, ಮನೆಯ ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಸ್ಟೆನೋ ಯಂತ್ರದ ಮುಂದೆ ಕೂರುತ್ತಿದ್ದೆ. ಕಿವಿ ಕೇಳದವರು ಆ ಅಕ್ಷರ ಓದಿಕೊಂಡು ಆಟ ನೋಡುತ್ತಾರೆ. ಬಾರಿನ ಗದ್ದಲದಲ್ಲಿ ಕುಳಿತವರು, ಮಗು ಮಲಗಿತೆಂದು ಸದ್ದು ಮುಚ್ಚಿದವರು ಕೂಡ ಓದುತ್ತಾರೆ. ಬರೆಯುವವಳು ಒಬ್ಬಳಿದ್ದಾಳೆ ಎಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಟಿವಿಯೇ ತನ್ನಷ್ಟಕ್ಕೆ ಬರೆದುಕೊಳ್ಳುತ್ತದೆ ಎಂದುಕೊಂಡಿದ್ದಾರೆ.

ನನ್ನ ಹೆಸರು ಬರ್ನಡೆಟ್ ಕೋಸಿಕ್. ಮೊದಲು ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದೆ. ಗಂಡ ಹೆಂಡಿರು ಕುರ್ಚಿ ಮೇಜಿಗೆ ಕಿತ್ತಾಡುವುದನ್ನು ಬರೆದೂ ಬರೆದೂ ಸಾಕಾಗಿ ಈ ಕೆಲಸಕ್ಕೆ ಬಂದೆ. ಆಮೇಲೆ ನನ್ನ ಮತ್ತು ಲೆನ್‌ನ ಕಿತ್ತಾಟವನ್ನು ಅದೇ ಕೋರ್ಟಿನಲ್ಲಿ ಇನ್ಯಾರೋ ಬರೆದುಕೊಂಡರು. ಲೆನ್ ಹೊರಡುವ ದಿನ ಪೆಟ್ಟಿಗೆಯನ್ನು ಕಾರಿಗೆ ಹಾಕುತ್ತ, "ನೀನು ಆ ಗಾರ್ಡಿನೇ ಕಟ್ಕೋಬೇಕಿತ್ತು ಕಣೆ. ವರ್ಷಕ್ಕೆ ಆರು ತಿಂಗಳು ಅವನ ಮಾತೊಂದೇ ನಿನ್ನ ಕಿವಿಗೆ ಬೀಳೋದು" ಅಂದ. ನಾನು ಬಾಗಿಲಲ್ಲಿ ನಿಂತು, "ಅವನು ಮಾತಾದ್ರೂ ಆಡ್ತಾನೆ" ಅಂದೆ. ಅದಾಗಿ ಹನ್ನೆರಡು ವರ್ಷವಾಯಿತು.

ಗಾರ್ಡಿಯನ್ನು ನಾನು ಒಮ್ಮೆಯೂ ಎದುರಿಗೆ ಕಂಡವಳಲ್ಲ. ಅವನು ಮೂವತ್ತೆಂಟು ವರ್ಷದಿಂದ ನಮ್ಮ ತಂಡದ ಆಟಕ್ಕೆ ಕಾಮೆಂಟರಿ ಹೇಳುತ್ತಿದ್ದ. ಈರಿ ಸರೋವರದ ದಂಡೆಯ ನಮ್ಮ ಊರಿನಲ್ಲಿ ಮೇಯರ್ ಯಾರೆಂದು ಗೊತ್ತಿಲ್ಲದವರಿಗೂ ಗಾರ್ಡಿಯ ದನಿ ಗೊತ್ತು. ಪಿಚರ್ ಚೆಂಡು ಎಸೆಯುವ ಮುನ್ನ ಅವನು ಮೂಗಿನಿಂದ ಒಮ್ಮೆ ಉಸಿರೆಳೆದುಕೊಳ್ಳುವುದು, ತಂಡ ಸೋಲುವಾಗ ಅವನ ಮಾತು ಚಿಕ್ಕದಾಗುವುದು, ನಗು ಬರುವ ಮುನ್ನ ಗಂಟಲಲ್ಲಿ ಏಳುವ ಸಣ್ಣ ಗೊರಗೊರ, ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ಲೆನ್‌ನ ಬಗ್ಗೆ ಇದರ ಅರ್ಧದಷ್ಟೂ ನನಗೆ ಗೊತ್ತಿರಲಿಲ್ಲ. ಫೆರಿಮೆನ್ ಎಂದರೆ ದೋಣಿ ನಡೆಸುವವರು; ನಮ್ಮವರು ಹೋಮ್ ರನ್ ಹೊಡೆದು ಚೆಂಡು ಗೋಡೆಯಾಚೆ ಬಿದ್ದರೆ ಗಾರ್ಡಿ ಪ್ರತಿಸಲವೂ ಒಂದೇ ಮಾತು ಕೂಗುತ್ತಿದ್ದ: "ಹಗ್ಗ ಬಿಚ್ರೋ, ದೋಣಿ ಹೊರಟ್ತು!" ಆ ಇಡೀ ಸಾಲಿಗೆ ನನ್ನ ಯಂತ್ರದಲ್ಲಿ ಒಂದೇ ಒತ್ತು ಮಾಡಿಟ್ಟುಕೊಂಡಿದ್ದೆ. ನಾಲ್ಕು ಬೆರಳು ಒಟ್ಟಿಗೆ ಇಳಿದರೆ ಸಾಕು, ಸಾಲು ಪರದೆಯ ಮೇಲೆ ಇರುತ್ತಿತ್ತು.

ಅವನ ಜೊತೆಗೆ ಕೂರುವವನು ಟಿಟೊ ಬಾರಿಯೆಂಟೋಸ್. ಹಿಂದೆ ಇದೇ ತಂಡದಲ್ಲಿ ಕ್ಯಾಚರ್ ಆಗಿದ್ದವನು. ಆಟ ಸಪ್ಪೆಯಾದಾಗ ಇಬ್ಬರೂ ಹರಟುತ್ತಿದ್ದರು.

"ಯಜಮಾನ್ರೇ, ಮಧ್ಯಾಹ್ನ ಏನು ತಿಂದ್ರಿ?"

"ಪಿಯರೋಗಿ ಕಡುಬು. ಎರಡು."

"ಎರಡೇನಾ? ನಂಬೋ ಮಾತಾ ಇದು?"

"ಎರಡು ತಟ್ಟೆ ಅನ್ನೋಕೆ ಮುಂಚೆನೇ ನೀನು ಬಾಯಿ ಹಾಕಿದ್ರೆ ನಾನೇನು ಮಾಡ್ಲಿ ತಮ್ಮಾ?"

ನಾನು ನನ್ನ ಕೋಣೆಯಲ್ಲಿ ಒಬ್ಬಳೇ ನಗುತ್ತ ಇದನ್ನೆಲ್ಲ ಬರೆಯುತ್ತಿದ್ದೆ. ನನ್ನ ನಗುವನ್ನು ಬರೆಯುವಂತಿಲ್ಲ. ಈ ಕೆಲಸದ ನಿಯಮ ಒಂದೇ, ಅವರು ಹೇಳಿದ್ದಕ್ಕೆ ಏನೂ ಸೇರಿಸಬಾರದು, ಅದರಿಂದ ಏನೂ ತೆಗೆಯಬಾರದು.

ನಾನು ಅದನ್ನು ಮುರಿದದ್ದು ಕಳೆದ ಮೇ ತಿಂಗಳಲ್ಲಿ. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ನಮ್ಮ ಪುಲಿಡೊ ಒಂದು ಚೆಂಡನ್ನು ನೆಲಕ್ಕೆ ಬಿದ್ದು ಹಿಡಿದ. ಗಾರ್ಡಿ, "ಆಹಾ, ಏನು ಹಿಡಿದ ನೋಡಿ ಕೆಸ್ಲರ್!" ಅಂದ. ಕೆಸ್ಲರ್ ಅದೇ ಜಾಗದಲ್ಲಿ ಆಡುತ್ತಿದ್ದದ್ದು ನಿಜ. ಆದರೆ ಅವನು ಆಟ ಬಿಟ್ಟು ಇಪ್ಪತ್ತೆಂಟು ವರ್ಷ. ನಾನು ಯೋಚನೆಯನ್ನೇ ಮಾಡಲಿಲ್ಲ. ನನ್ನ ಬೆರಳು 'ಪುಲಿಡೊ' ಎಂದು ಬರೆದು ಮುಂದೆ ಹೋಗಿತ್ತು. ಕೋಟಿನ ಮೇಲೆ ಬಿದ್ದ ದಾರದ ತುಣುಕನ್ನು ತೆಗೆಯುವಂತೆ ತೆಗೆದಿದ್ದೆ. ಟಿಟೊ ಕೂಡ ಸುಮ್ಮನಿರಲಿಲ್ಲ. "ಹೌದು ಯಜಮಾನ್ರೇ, ನಮ್ಮ ಪುಲಿಡೊ ಇವತ್ತು ಹಳೇ ಕೆಸ್ಲರ್ ಥರಾನೇ ಆಡ್ತಿದ್ದಾನೆ" ಎಂದು ತಪ್ಪನ್ನು ಮೆಲ್ಲಗೆ ಮುಚ್ಚಿದ.

ಜೂನ್ ಹೊತ್ತಿಗೆ ವಾರಕ್ಕೆ ಮೂರು ನಾಲ್ಕು ಸಲ ಹೀಗಾಗತೊಡಗಿತು. ಗಾರ್ಡಿ ಆರನೇ ಇನ್ನಿಂಗ್ಸನ್ನು ನಾಲ್ಕನೆಯದೆಂದ. ನಾನು ಆರು ಎಂದು ಬರೆದೆ. ನಮ್ಮವರು ಮುಂದಿದ್ದಾಗ ಹಿಂದಿದ್ದೇವೆ ಎಂದ. ನಾನು ತಿದ್ದಿದೆ. ಒಂದು ಕತೆ ಶುರುಮಾಡಿ ನಡುವೆ ಕೈಬಿಟ್ಟ. ಆ ಕತೆಯನ್ನು ಅವನ ಬಾಯಲ್ಲಿ ಎಂಟು ಸಲ ಕೇಳಿದವಳು ನಾನು, ಕೊನೆಯ ಸಾಲನ್ನು ನಾನೇ ಸೇರಿಸಿದೆ. ಸತ್ಯ ಹೇಳಬೇಕೆಂದರೆ, ಆ ಬೇಸಿಗೆಯಷ್ಟು ಖುಷಿಯಾಗಿ ನಾನು ಬಹಳ ವರ್ಷದಿಂದ ಇದ್ದಿರಲಿಲ್ಲ. ಮನೆಯ ಹಿರಿಯರು ಊಟದ ಮೇಜಿನಲ್ಲಿ ಏನೋ ತಪ್ಪಿ ಆಡಿದಾಗ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡು ಮಾತು ತೇಲಿಸುತ್ತಾರಲ್ಲ, ಹಾಗೆ ನಾನೂ ಟಿಟೊನೂ ಸೇರಿ ಗಾರ್ಡಿಯನ್ನು ಕಾಯುತ್ತಿದ್ದೇವೆ ಎಂದುಕೊಂಡಿದ್ದೆ. ಟಿಟೊಗೆ ನಾನಿರುವುದೇ ಗೊತ್ತಿಲ್ಲ ಎಂಬುದನ್ನು ಮರೆತೇಬಿಟ್ಟಿದ್ದೆ.

ಜುಲೈ ತಿಂಗಳ ಒಂದು ಮಂಗಳವಾರ ಎಂಟನೇ ಇನ್ನಿಂಗ್ಸ್. ಸಮಸಮ ಇತ್ತು. ನಮ್ಮ ಪುಲಿಡೊ ಬೀಸಿ ಹೊಡೆದ. ಚೆಂಡು ಏರಿದ ರೀತಿಗೇ ಗೋಡೆ ದಾಟುತ್ತದೆ ಎಂದು ಕುರುಡರಿಗೂ ಗೊತ್ತಾಗುತ್ತಿತ್ತು. ಗಾರ್ಡಿಯ ಉಸಿರು ಕೇಳಿಸಿತು. ನಾಲ್ಕು ಬೆರಳು ಇಳಿದವು. 'ಹಗ್ಗ ಬಿಚ್ರೋ, ದೋಣಿ ಹೊರಟ್ತು!' ಎಂದು ಪರದೆಯ ಮೇಲೆ ಬಂತು.

ಗಾರ್ಡಿ ಮಾತೇ ಆಡಿರಲಿಲ್ಲ. ನನ್ನ ಕಿವಿಯಲ್ಲಿ ಜನರ ಕೂಗಿತ್ತು, ಅದರ ನಡುವೆ ಅವನ ಉಸಿರಿತ್ತು, ಮಾತಿರಲಿಲ್ಲ. ಹನ್ನೊಂದು ಸೆಕೆಂಡು. ಟಿವಿಯಲ್ಲಿ ಹನ್ನೊಂದು ಸೆಕೆಂಡು ಎಂದರೆ ಒಂದು ಯುಗ. ಕೊನೆಗೆ ಟಿಟೊ ತಗ್ಗಿದ ದನಿಯಲ್ಲಿ, "ಚೆಂಡು ಆಚೆ ಹೋಯ್ತು" ಅಂದ. ನಾನು ಬರೆದದ್ದನ್ನು ವಾಪಸು ಪಡೆಯುವ ಹಾಗಿಲ್ಲ. ಪಡೆಯಬೇಕೆಂದು ನನಗೆ ಅನಿಸಲೂ ಇಲ್ಲ. ಅವನಿಗೆ ಸಿಗದ ಮಾತನ್ನು ನಾನು ಹುಡುಕಿ ಕೊಟ್ಟೆ ಎಂದು ಒಳಗೊಳಗೇ ಬೀಗಿದೆ.

ಮರುದಿನದಿಂದ ಗಾರ್ಡಿ ಬರಲಿಲ್ಲ. ಗಂಟಲು ನೋವು ಎಂದು ಹೇಳಿದರು. ಅವನ ಜಾಗಕ್ಕೆ ಬಂದವನು ಚುರುಕಿನವನು, ಒಂದು ಹೆಸರೂ ತಪ್ಪುತ್ತಿರಲಿಲ್ಲ. ಅವನು ಹೇಳಿದ್ದನ್ನೆಲ್ಲ ಬರೆದೆ, ಒಂದೂ ನೆನಪಿನಲ್ಲಿ ಉಳಿಯಲಿಲ್ಲ. ಪಂದ್ಯ ಮುಗಿದು ಹೆಡ್‌ಫೋನ್ ತೆಗೆದರೆ ಫ್ರಿಜ್ಜಿನ ಸದ್ದು ಕೇಳುತ್ತಿತ್ತು. ಊಟಕ್ಕೆ ಕೂತರೆ ಎದುರಿನ ಕುರ್ಚಿ ಕಾಣುತ್ತಿತ್ತು. ಅಲ್ಲಿಯವರೆಗೆ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಮೂರು ದಿನ ಬಿಟ್ಟು ನಮ್ಮ ಕಂಪನಿಯ ಮೇಲ್ವಿಚಾರಕ ಡೀನ್ ಫೋನ್ ಮಾಡಿದ.

"ಬರ್ನಡೆಟ್, ಒಂದು ದೂರು ಬಂದಿದೆ. ಓದಿ ಹೇಳ್ಲಾ, ಕಳಿಸ್ಲಾ?"

"ಕಳಿಸಿ. ನೀವು ಓದಿದ್ರೆ ಕೇಳೋರಿಗೆ ನಿದ್ದೆ ಬರುತ್ತೆ."

"ತಮಾಷೆ ಆಮೇಲೆ ಮಾಡಿ. ಗಾರ್ಡಿ ಹೇಳದೇ ಇದ್ದಿದ್ದನ್ನ ಬರೆದಿದ್ದೀರಂತೆ. ಈ ಕೆಲಸವನ್ನ ಕಂಪ್ಯೂಟರಿಗೆ ಕೊಟ್ರೂ ಅದು ಹೇಳಿದ್ದನ್ನ ಮಾತ್ರ ಬರೆಯುತ್ತಲ್ಲ ಕಣ್ರಿ."

ಕಾಗದ ಎಲ್ವುಡ್ ಟ್ರಾಟ್ ಎಂಬ ಮುದುಕನದು. ಹುಟ್ಟುಕಿವುಡ. ಪತ್ರಿಕೆಯ ಮುದ್ರಣ ವಿಭಾಗದಲ್ಲಿ ನಲವತ್ತು ವರ್ಷ ದುಡಿದವನು. ಫೆರಿಮೆನ್ ಪಂದ್ಯ ತಪ್ಪಿಸದವನು. ಅವನು ಬರೆದಿದ್ದ:

'ನಾನು ಶಿಮ್ಕೊ ಬಾರಿನಲ್ಲಿ ಪಂದ್ಯ ನೋಡುತ್ತೇನೆ. ನನಗೋಸ್ಕರ ಅಲ್ಲಿ ಪರದೆಗೆ ಅಕ್ಷರ ಹಾಕಿಟ್ಟಿರುತ್ತಾರೆ. ಮಂಗಳವಾರ ಪುಲಿಡೊ ಹೊಡೆದಾಗ ಗಾರ್ಡಿಯ ಕೂಗು ಪರದೆಯ ಮೇಲೆ ಬಂತು. ನಾನು ಮೇಜು ಕುಟ್ಟಿ ನಕ್ಕೆ. ತಿರುಗಿ ನೋಡಿದರೆ ಇಡೀ ಬಾರು ತಲೆ ತಗ್ಗಿಸಿ ಕೂತಿತ್ತು. ಒಬ್ಬ ಕಣ್ಣೊರೆಸಿಕೊಳ್ಳುತ್ತಿದ್ದ. ಎಲ್ಲರೂ ನನ್ನನ್ನೇ ನೋಡಿದರು. ಮರುದಿನ ಪಕ್ಕದ ಮನೆಯವನು ಚೀಟಿ ಬರೆದು ತಿಳಿಸಿದ, ಗಾರ್ಡಿ ಆಗ ಕೂಗಲೇ ಇಲ್ಲ, ಅವನಿಗೆ ಮೇ ತಿಂಗಳಿಂದ ಮರೆವು, ಊರಿಗೆಲ್ಲ ಗೊತ್ತು ಎಂದು. ನನಗೊಬ್ಬನಿಗೇ ಗೊತ್ತಿರಲಿಲ್ಲ. ಇದನ್ನು ಬರೆಯುವುದು ಯಾರು?'

ನಾನು ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲು ಸಿಟ್ಟು ಬಂತು. ಒಳ್ಳೆಯದು ಮಾಡಿದ್ದಕ್ಕೆ ದೂರು ಕೊಡುವವನು ಎಂಥ ಮನುಷ್ಯ ಎಂದುಕೊಂಡೆ. ಹತ್ತೊಂಬತ್ತು ವರ್ಷದಲ್ಲಿ 'ಬರೆಯುವುದು ಯಾರು' ಎಂದು ಕೇಳಿದವನು ಅವನೊಬ್ಬನೇ ಎಂಬುದು ಆಮೇಲೆ ಹೊಳೆಯಿತು. ಪಂದ್ಯವಿಲ್ಲದ ಒಂದು ಗುರುವಾರ ಮಧ್ಯಾಹ್ನ ಶಿಮ್ಕೊ ಬಾರಿಗೆ ಹೋದೆ.

ಬಾರಿನವನು ಬೆರಳು ತೋರಿಸಿದ ಕಡೆ, ಕಿಟಕಿಯ ಪಕ್ಕದಲ್ಲಿ, ಎಲ್ವುಡ್ ಬಿಯರ್ ಇಟ್ಟುಕೊಂಡು ಕೂತಿದ್ದ. ಎತ್ತರದ ಆಳು, ದೊಡ್ಡ ಕೈ, ಉಗುರಿನ ಸಂದಿಯಲ್ಲಿ ಇನ್ನೂ ಶಾಯಿಯ ಕಪ್ಪು. ನನಗೆ ಕೈಸನ್ನೆಯ ಭಾಷೆ ಬಾರದು. ಇಷ್ಟು ವರ್ಷ ಕಿವುಡರಿಗಾಗಿ ಬರೆದವಳು ನಾನು, ಅವರಲ್ಲಿ ಒಬ್ಬರ ಜೊತೆಗೂ ಮಾತಾಡಿರಲಿಲ್ಲ. ನೋಟ್‌ಪುಸ್ತಕ ತೆಗೆದು, 'ಬರೆಯೋದು ನಾನೇ' ಎಂದು ಬರೆದು ಅವನ ಮುಂದೆ ಇಟ್ಟೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪೆನ್ನು ಕಸಿದುಕೊಂಡು ಬರೆದ: "ನಾನು ಯಾರೋ ಚಿಕ್ಕ ಹುಡುಗಿ ಅಂದ್ಕೊಂಡಿದ್ದೆ. ಇಷ್ಟು ವಯಸ್ಸಾಗಿದ್ದೂ ಸುಳ್ಳು ಬರೀತೀರಲ್ಲ ತಾಯಿ."

"ಸುಳ್ಳಲ್ಲ. ಗಾರ್ಡಿಯ ಮಾನ ಉಳಿಸ್ತಿದ್ದೆ" ಎಂದು ನಾನು ಬರೆದೆ.

"ಯಾರ ಮುಂದೆ? ಕೇಳೋರೆಲ್ಲ ಕೇಳಿಸ್ಕೊಂಡ್ರು. ಉಳಿದೋನು ನಾನು. ನನ್ನಿಂದ ಮುಚ್ಚಿಟ್ರಾ?"

"ಇಲ್ಲಿಯವರು ಯಾರೂ ಹೇಳ್ಲಿಲ್ವಾ ನಿಮಗೆ?"

"ಪರದೆ ಮೇಲೆ ಬರ್ತಿದೆ, ಇವನು ಓದ್ಕೊಂಡಿರ್ತಾನೆ ಅಂದ್ಕೊಂಡ್ರು. ಇಲ್ಲಿ ಸದ್ದೂ ಹಾಕಿರುವಾಗ ಕಿವಿ ಇರೋರು ಆ ಅಕ್ಷರ ಓದ್ತಾರಾ? ಅವರಿಗೇನು ಗ್ರಹಚಾರ?"

ಅವನು ಬಿಯರ್ ಒಂದು ಗುಟುಕು ಕುಡಿದು ಮತ್ತೆ ಪುಸ್ತಕ ಎಳೆದುಕೊಂಡ. ಈ ಸಲ ಬಹಳ ಹೊತ್ತು ಬರೆದ.

"ನನ್ನ ಹೆಂಡತಿ ಆಸ್ಪತ್ರೇಲಿದ್ದಾಗ ಅವಳ ಅಕ್ಕ ಡಾಕ್ಟರ ಮಾತು ಕೇಳಿ ನನಗೆ ಬರೆದು ತೋರಿಸ್ತಿದ್ಲು. ದಿನಾ 'ಇವತ್ತು ಪರವಾಗಿಲ್ಲ' ಅಂತ ಬರೆದ್ಲು. ಕಾರಿಡಾರಿನಲ್ಲಿ ಎಲ್ಲರೂ ಅಳ್ತಿದ್ರು. ನಾನು ಪಾಪ ಸುಸ್ತಾಗಿರ್ಬೇಕು ಅಂತ ಅವರಿಗೆಲ್ಲ ಕಾಫಿ ತಂದ್ಕೊಟ್ಟೆ. ಅಕ್ಕನೂ ಒಳ್ಳೇ ಹೆಂಗಸೇ. ನನ್ನ ಹೆಂಡತಿಗೆ ನಾನು ಹೇಳ್ಬೇಕಾಗಿದ್ದು ಹೇಳ್ದೇನೇ ಉಳೀತು. ಎಲ್ಲರೂ ಒಟ್ಟಿಗೆ ಅಳುವಾಗ ನನ್ನನ್ನೂ ಕರ್ಕೊಳ್ರಪ್ಪ ಅಂತ ಕೇಳ್ತಿದ್ದೀನಿ, ಅಷ್ಟೇ."

ನಾನು ಆ ಪುಟವನ್ನು ಎರಡು ಸಲ ಓದಿದೆ. ನಾನು ಕಾಯುತ್ತಿದ್ದದ್ದು ಗಾರ್ಡಿಯನ್ನಲ್ಲ, ನನ್ನನ್ನೇ. ನಾನು ತಿದ್ದಿ ಬರೆಯುತ್ತಿರುವಷ್ಟು ದಿನ ನನ್ನ ಕೋಣೆಯಲ್ಲಿ ಗಾರ್ಡಿಗೆ ಏನೂ ಆಗಿರಲಿಲ್ಲ. ಅವನು ಕೆಟ್ಟರೆ ನನ್ನ ಮನೆಯಲ್ಲಿ ಮಾತಾಡುವವರು ಯಾರೂ ಉಳಿಯುವುದಿಲ್ಲ ಎಂಬ ಹೆದರಿಕೆಗೆ ಬರೆದಿದ್ದೆ. ಅದನ್ನೇ ಎಲ್ವುಡ್‌ಗೆ ಬರೆದು ತೋರಿಸಿದೆ. ಅವನು ಓದಿ ತಲೆಯಾಡಿಸಿದ, ನಗಲಿಲ್ಲ.

"ಒಂದಿನ ಇಲ್ಲಿಗೆ ಬಂದು ಪಂದ್ಯ ನೋಡಿ" ಎಂದು ಬರೆದ.

"ಪಂದ್ಯ ಇದ್ದಾಗ ನಾನು ಬರೀತಿರ್ತೀನಲ್ಲ."

"ಅಯ್ಯೋ ಪಾಪ" ಎಂದು ಬರೆದು, ತನ್ನ ತಟ್ಟೆಯ ಆಲೂಗಡ್ಡೆಯ ಚಿಪ್ಸನ್ನು ನನ್ನ ಕಡೆ ತಳ್ಳಿದ.

ಸೆಪ್ಟೆಂಬರಿನಲ್ಲಿ ಸುದ್ದಿ ಬಂತು. ಆ ವರ್ಷದ ಆಟಗಳ ಕೊನೆಯ ಭಾನುವಾರ ಮಧ್ಯಾಹ್ನದ ಪಂದ್ಯಕ್ಕೆ ಗಾರ್ಡಿ ಬರುತ್ತಾನೆ, ಅದೇ ಅವನ ಕೊನೆಯ ಕಾಮೆಂಟರಿ. ಶನಿವಾರ ಡೀನ್ ಮತ್ತೆ ಫೋನ್ ಮಾಡಿದ. ದನಿಯಲ್ಲಿ ಬೆಣ್ಣೆ ಇತ್ತು.

"ನಾಳೆ ಸ್ವಲ್ಪ ನೋಡ್ಕೊಳ್ಳಿ ಬರ್ನಡೆಟ್. ಈ ಪಂದ್ಯದ ದಾಖಲೆ ಶಾಶ್ವತವಾಗಿ ಇರುತ್ತೆ. ಅವನು ಅಲ್ಲಿ ಇಲ್ಲಿ ತಪ್ಪಿದ್ರೆ, ಅಕ್ಷರದಲ್ಲಾದ್ರೂ ಚೆನ್ನಾಗಿರ್ಲಿ ಅಂತ ಚಾನೆಲ್‌ನವರ ಆಸೆ."

"ಜುಲೈನಲ್ಲಿ ಬೈದಿದ್ದು ನೀವೇ ತಾನೆ?"

"ಅದು ಬೇರೆ, ಇದು ಬೇರೆ ಕಣ್ರಿ. ಇದು ಮರ್ಯಾದೆಯ ಪ್ರಶ್ನೆ. ನಿಮಗೆ ಅವನ ಮೇಲೆ ಅಭಿಮಾನ ಇಲ್ವಾ?"

ಅಭಿಮಾನವಂತೆ. ಅಭಿಮಾನ ಒಂದಿಲ್ಲದಿದ್ದರೆ ನನಗೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ನಾನು ಫೋನ್ ಇಟ್ಟುಬಿಟ್ಟೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಗಾರ್ಡಿಯನ್ನು ಕೊನೆಯ ಸಲ ಚೆನ್ನಾಗಿ ಕಳಿಸಿಕೊಡಲು ಇಡೀ ಊರಿನಲ್ಲಿ ನನ್ನೊಬ್ಬಳ ಕೈಯಲ್ಲಾಗುತ್ತಿತ್ತು. ಹಾಗೆ ಮಾಡಿದರೆ ಎಲ್ವುಡ್ ಮತ್ತೆ ಒಬ್ಬನೇ ನಗುತ್ತಾನೆ.

ಭಾನುವಾರ ಒಂದು ಗಂಟೆಗೆ ಗಾರ್ಡಿಯ ದನಿ ಕಿವಿಗೆ ಬಿತ್ತು. ಎರಡು ತಿಂಗಳ ಮೇಲೆ ಆ ಉಸಿರು, ಆ ಗೊರಗೊರ. ಮೊದಲ ಮೂರು ಇನ್ನಿಂಗ್ಸ್ ಅವನು ಹಿಂದಿನ ಗಾರ್ಡಿಯೇ ಆಗಿದ್ದ. ಟಿಟೊನನ್ನು ರೇಗಿಸಿದ, ಎದುರು ತಂಡದ ಪಿಚರನ ಗಡ್ಡವನ್ನು ಆಡಿಕೊಂಡ. ನಾನು ಹಗುರವಾಗಿ ಬರೆದೆ. ಏನೂ ಆಗದೆ ಮುಗಿದುಹೋಗಲಿ ದೇವರೇ ಎಂದು ಬೇಡಿಕೊಂಡೆ.

ಐದನೆಯದರಲ್ಲಿ, "ಕೆಸ್ಲರ್ ಬರ್ತಿದ್ದಾನೆ ಬ್ಯಾಟ್ ಹಿಡ್ಕೊಂಡು" ಅಂದ.

ನನ್ನ ಬೆರಳು ನಿಂತಿತು. ಸರಿಯಾದ ಹೆಸರು ಅಲ್ಲೇ, ಉಗುರಿನ ತುದಿಯಲ್ಲಿತ್ತು. ಮೂರು ಸೆಕೆಂಡು ಬಹಳ ಉದ್ದವಲ್ಲ. ನಾನು 'ಕೆಸ್ಲರ್' ಎಂದು ಬರೆದೆ. ಅದು ಎದುರಿನ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ನಿಂತಾಗ ನಾನೇ ಅವನ ಕೆನ್ನೆಗೆ ಹೊಡೆದಂತಾಯಿತು. ಆಮೇಲೆ ಅವನು ತಪ್ಪಿದ್ದೆಲ್ಲ ತಪ್ಪಾಗಿಯೇ ಬರೆಯುತ್ತ ಹೋದೆ. ತಪ್ಪು ಇನ್ನಿಂಗ್ಸ್, ತಪ್ಪು ಸ್ಕೋರು, ನಡುವೆ ಬಿಟ್ಟ ಕತೆ ನಡುವಿನಲ್ಲೇ. ಟಿಟೊ ಪ್ರತಿಸಲ ಮೆಲ್ಲಗೆ ಕೈಹಿಡಿದು ದಾಟಿಸಿದ. ಅವನ ಆ ಮಾತುಗಳನ್ನೂ ಬರೆದೆ. ಓದುವವರಿಗೆ ಅವನ ಒಳ್ಳೆಯತನ ಕಂಡದ್ದು ಆ ದಿನವೇ ಮೊದಲು, ಮೇ ತಿಂಗಳಿಂದ ಗಾರ್ಡಿಯ ತಪ್ಪನ್ನು ಅಳಿಸುತ್ತ ನಾನು ಅದನ್ನೂ ಅರ್ಥವಿಲ್ಲದ ಮಾತಿನಂತೆ ಕಾಣಿಸಿಬಿಟ್ಟಿದ್ದೆ.

ಒಂಬತ್ತನೆಯದು ಕೊನೆಯದು. ಮತ್ತೆ ಸಮಸಮ. ಪುಲಿಡೊ ಬಂದ, ಎರಡನೇ ಚೆಂಡಿಗೇ ಹೊಡೆದ. ಅದು ಎತ್ತರಕ್ಕೆ ಏರಿ ಗೋಡೆಯ ಕಡೆ ಹೋಯಿತು. ನಾಲ್ಕು ಬೆರಳು ತಾವಾಗಿಯೇ ಮಡಚಿಕೊಂಡು ತಯಾರಾದವು. ಒತ್ತಿದ್ದರೆ ಊರಿನ ಕಿವುಡರೆಲ್ಲರಿಗೂ ಗಾರ್ಡಿ ಕೊನೆಯ ಸಲ ಅದನ್ನು ಕೂಗಿರುತ್ತಿದ್ದ. ದಾಖಲೆಯಲ್ಲಿ ಶಾಶ್ವತವಾಗಿ ಕೂಗಿರುತ್ತಿದ್ದ. ನಾನು ಬೆರಳನ್ನು ಎತ್ತಿ ಹಿಡಿದು ಕಾದೆ.

"ಚೆಂಡು ಎಲ್ಲಿ ಹೋಯ್ತು ತಮ್ಮಾ?" ಅಂದ ಗಾರ್ಡಿ. "ನಂಗೆ ಕಾಣಿಸ್ತಿಲ್ಲ."

ಬರೆದೆ.

"ಆಚೆ ಹೋಯ್ತು ಯಜಮಾನ್ರೇ. ಗೆದ್ವಿ ನಾವು."

ಬರೆದೆ.

"ಗೆದ್ವಾ? ಮತ್ತೆ ಜನ ಎಲ್ಲ ಯಾಕೆ ಈ ಕಡೆ ತಿರುಗಿ ನಿಂತಿದ್ದಾರೆ?"

"ನಿಮಗೋಸ್ಕರ ಯಜಮಾನ್ರೇ."

"ನಾನೇನು ಮಾಡ್ದೆ?"

ಟಿಟೊ ಉತ್ತರ ಕೊಡಲಿಲ್ಲ, ಕೊಡಲು ಅವನಿಂದ ಆಗಲಿಲ್ಲ. ಗಾರ್ಡಿಯೂ ಮುಂದೆ ಏನೂ ಹೇಳಲಿಲ್ಲ. ನಲವತ್ತು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟುವುದು ನನ್ನ ಕಿವಿಯಲ್ಲಿತ್ತು, ಅದರ ಕೆಳಗೆ ಒಬ್ಬ ಮುದುಕನ ಉಸಿರಿತ್ತು. ಮಾತಿಲ್ಲದಾಗ ಪರದೆಯನ್ನು ಖಾಲಿ ಬಿಡುವಂತಿಲ್ಲ, ಓದುವವರು ಅಕ್ಷರ ಕೆಟ್ಟುಹೋಯಿತು ಎಂದುಕೊಳ್ಳುತ್ತಾರೆ. ಆಗ ಕಿವಿಗೆ ಬೀಳುವ ಸದ್ದನ್ನು ಬರೆಯುವುದು ರೂಢಿ. ಆದ್ದರಿಂದ ಬರೆದೆ: 'ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಗಾರ್ಡಿ ಸುಮ್ಮನಿದ್ದಾನೆ.'

ಈ ಹೊತ್ತಿಗೆ ಶಿಮ್ಕೊ ಬಾರಿನಲ್ಲಿ ಎಲ್ಲರ ತಲೆಯೂ ತಗ್ಗಿರುತ್ತದೆ ಎಂದು ನನಗೆ ಗೊತ್ತಿತ್ತು. ಅವರ ನಡುವೆ ಎಲ್ವುಡ್ ತಲೆಯೂ ತಗ್ಗಿರುತ್ತದೆ. ಅವನ ದೊಡ್ಡ ಕೈಯ ಮೇಲೆ ಪಕ್ಕದವನು ಕೈ ಇಟ್ಟಿರುತ್ತಾನೆ. ಊರಿನಲ್ಲಿ ಟಿವಿ ಇದ್ದ ಕಡೆಯಲ್ಲೆಲ್ಲ ಒಬ್ಬರ ಪಕ್ಕ ಒಬ್ಬರಿದ್ದರು. ನನ್ನ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಬಿಕ್ಕಿ ಬಿಕ್ಕಿ ಅತ್ತೆ. ಹೆಡ್‌ಫೋನಿನಿಂದಾಗಿ ನನ್ನ ಅಳು ನನಗೂ ಕೇಳಿಸಲಿಲ್ಲ.

ಅಷ್ಟರಲ್ಲಿ ಟಿಟೊ ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದ. ಎರಡು ಕೈಗಳನ್ನೂ ಯಂತ್ರದ ಮೇಲಿಟ್ಟು ಅವನು ಹೇಳಿದ್ದನ್ನು ಬರೆಯತೊಡಗಿದೆ. ಕಣ್ಣೊರೆಸಿಕೊಳ್ಳಲು ಬಿಡುವಿರಲಿಲ್ಲ.